ಐದು ತಿಂಗಳಿಂದ ಬರೀ ಗೆರೆ ಎಳೆಸುತ್ತಿದ್ದಾರೆ: ಮೈಸೂರು ಶೈಲಿ ಕಲಿತವರು ದಯವಿಟ್ಟು ಹೇಳಿ

ಗೆರೆ ಕಲಿಯುವವಳು (ಮೈಸೂರು)

ಎಲ್ಲರಿಗೂ ನಮಸ್ಕಾರ. ನನಗೀಗ 43. ಮಗಳು ಪಿಯುಸಿಗೆ ಸೇರಿದ ಮೇಲೆ ಮಧ್ಯಾಹ್ನ ಸ್ವಲ್ಪ ಬಿಡುವಾಯಿತು ಅಂತ ಮೈಸೂರು ಸಾಂಪ್ರದಾಯಿಕ ಚಿತ್ರಕಲೆ ಕಲಿಯಲು ಸೇರಿಕೊಂಡೆ. ಗುರುಗಳು ಎಪ್ಪತ್ತು ದಾಟಿದವರು, ತಮ್ಮ ಮನೆಯ ಪಡಸಾಲೆಯಲ್ಲೇ ಹೇಳಿಕೊಡುತ್ತಾರೆ. ಸೇರುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮಜ್ಜಿ ಮನೆ ದೇವರಕೋಣೆಯ ಪಟ್ಟಾಭಿಷೇಕದ ಪಟ. ಕಡುಹಸಿರು, ಕೆಂಪು, ಹೊಗೆ ಹಿಡಿದರೂ ಮಿನುಗುತ್ತಿದ್ದ ಚಿನ್ನ. ಅಂಥದ್ದೊಂದನ್ನು ನನ್ನ ಕೈಯಾರೆ ಮಾಡಬೇಕು ಅಂತ ಆಸೆ.

ಐದು ತಿಂಗಳಾಯಿತು, ಇನ್ನೂ ಬಣ್ಣ ಮುಟ್ಟಿಲ್ಲ. ಮೊದಲು ಅರ್ಧಚಂದ್ರ ಮತ್ತು ಬಳ್ಳಿಯ ಸುರುಳಿ. ಆಮೇಲೆ ಕಣ್ಣು, ಕಿವಿ, ಬೆರಳು. ಈಗ ಅಭಯಹಸ್ತ, ವರದಹಸ್ತ. ಹಾಳೆ ತುಂಬಿಸಿಕೊಂಡು ಹೋದರೆ ಒಂದೋ ಎರಡೋ ಗೆರೆಯ ಪಕ್ಕ ಚುಕ್ಕಿ ಇಟ್ಟು "ಇಂಥದ್ದು ಹೆಚ್ಚಾಗಲಿ" ಅನ್ನುತ್ತಾರೆ. ನನ್ನ ಜೊತೆ ಸೇರಿದ ಇಬ್ಬರು ಬಿಟ್ಟುಹೋದರು. ಅವರಲ್ಲೊಬ್ಬರು ಎರಡು ದಿನದ ವರ್ಕ್‌ಶಾಪಿನಲ್ಲಿ ಲಕ್ಷ್ಮಿಯ ಪಟ ಮುಗಿಸಿ ಫೋಟೋ ಕಳಿಸಿದ್ದಾರೆ. ನೋಡಿ ಕಸಿವಿಸಿ ಆಯಿತು.

ಹಿಂದಿನ ಚಿತ್ರಗಾರರು ನಿಜವಾಗಿಯೂ ಹೀಗೇ ಕಲಿತರೇ? ಇಷ್ಟು ದಿನದ ಗೆರೆ ಆಮೇಲೆ ಎಲ್ಲಿ ಉಪಯೋಗಕ್ಕೆ ಬರುತ್ತದೆ? ಗುರುಗಳನ್ನು ಕೇಳಲು ಸಂಕೋಚ. ಗೊತ್ತಿದ್ದವರು ಹೇಳಿ.

ನಿವೃತ್ತ ಡ್ರಾಯಿಂಗ್ ಮೇಷ್ಟ್ರು (ಮಂಡ್ಯ)

ತಾಯಿ, ನಿಮ್ಮ ಗುರುಗಳ ಕೈ ಬಿಡಬೇಡಿ. ಚುಕ್ಕಿ ಇಟ್ಟು ತೋರಿಸುವವರು ಸಿಗುವುದೇ ಅಪರೂಪ.

ಗೆರೆ ಎಲ್ಲಿ ಉಪಯೋಗಕ್ಕೆ ಬರುತ್ತದೆ ಅಂದಿರಿ. ಮೈಸೂರು ಪಟದಲ್ಲಿ ಕೆಲಸ ಹೇಗೆ ಸಾಗುತ್ತದೆ ನೋಡಿ. ಹಲಗೆಗೆ ಹಾಳೆ ಅಂಟಿಸಿ ಹದ ಮಾಡಿಕೊಳ್ಳುತ್ತಾರೆ. ಹಿಂದೆ ಹುಣಸೆ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲ ನಕ್ಷೆ ಬರೆಯುತ್ತಿದ್ದರು. ಇದ್ದಿಲು ಯಾಕೆಂದರೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ, ಅಲ್ಲಿ ತಪ್ಪಿದರೂ ನಡೆಯುತ್ತದೆ. ಆಮೇಲೆ ಕುಂಚದಲ್ಲಿ ಗೆರೆ ಕೂರಿಸುತ್ತಾರೆ. ಅಲ್ಲಿಂದ ಮುಂದೆ ಒರೆಸುವುದಿಲ್ಲ. ಆಭರಣ, ಕಿರೀಟ, ಸೆರಗಿನ ಅಂಚು, ಮಂಟಪದ ಕಂಬ, ಇವುಗಳ ಮೇಲೆ ಗೆಸ್ಸೋ, ಅಂದರೆ ಬಿಳುಪಿನ ಪುಡಿಗೆ ಅಂಟು ಕಲಸಿದ ಮಿಶ್ರಣ, ಏರಿಸಿ ಚಿನ್ನದ ರೇಕು (ತೆಳು ಹಾಳೆ) ಕೂರಿಸುವುದು, ನಂತರ ಬಣ್ಣ. ಎಲ್ಲ ಮುಗಿದ ಮೇಲೆ ಮುಖದ ಕೆಲಸ: ರೆಪ್ಪೆ, ಹುಬ್ಬು, ತುಟಿಯ ಅಂಚು. ಹಿಂದಿನವರು ಅಳಿಲ ಬಾಲದ ಕೂದಲಿನ ಕುಂಚ ಕಟ್ಟಿಕೊಳ್ಳುತ್ತಿದ್ದರು, ಅದಕ್ಕಿಂತ ಸಣ್ಣ ಗೆರೆ ಬೇಕಾದರೆ ಚೂಪಾದ ಹುಲ್ಲಿನ ಎಸಳು. ಅಂದರೆ ಚಿತ್ರ ಶುರುವಾಗುವುದೂ ಗೆರೆಯಿಂದ, ಮುಗಿಯುವುದೂ ಗೆರೆಯಿಂದ. ನಡುವೆ ಬಣ್ಣ ಎಷ್ಟೇ ಚೆನ್ನಾಗಿದ್ದರೂ ಕೊನೆಯ ದಿನ ಕಣ್ಣಿನ ಗೆರೆ ನಡುಗಿದರೆ ತಿಂಗಳ ಕೆಲಸ ಹೋಯಿತು.

ಗೆರೆಯ ಜೊತೆಗೇ ಅಳತೆ. ದೇವತೆಯ ಪಟದಲ್ಲಿ ಮುಖದ ಉದ್ದವೇ ಒಂದು ತಾಳ, ಅದನ್ನು ಹನ್ನೆರಡು ಅಂಗುಲ ಅಂತ ಭಾಗ ಮಾಡಿಕೊಳ್ಳುವುದು. ನವತಾಳಕ್ಕೆ, ಅಂದರೆ ಒಂಬತ್ತು ತಾಳಕ್ಕೆ, 108 ಅಂಗುಲ; ಉತ್ತಮ ದಶತಾಳಕ್ಕೆ ಹತ್ತು ತಾಳದ 120ರ ಮೇಲೆ ಇನ್ನೂ ನಾಲ್ಕು ಸೇರಿ 124. ಈ ಅಂಗುಲ ಸ್ಕೇಲಿನ ಇಂಚಲ್ಲ, ಚಿತ್ರದ ಅಳತೆಯೊಂದಿಗೆ ತಾನೂ ಹಿಗ್ಗುತ್ತದೆ, ಕುಗ್ಗುತ್ತದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯಲ್ಲಿ ಯಾವ ದೇವತೆಗೆ ಎಷ್ಟು ಕೈ, ಯಾವ ಬಣ್ಣ, ಯಾವ ಆಯುಧ, ಯಾವ ವಾಹನ ಅಂತ ಧ್ಯಾನಶ್ಲೋಕದೊಂದಿಗೆ ಚಿತ್ರವೂ ಇದೆ. ಅಂಥ ಗ್ರಂಥಕ್ಕೆ ಬರೆದ ಚಿತ್ರಗಾರರಿಗೆ ಶ್ಲೋಕ ಬಾಯಲ್ಲಿ, ಅಳತೆ ಕೈಯಲ್ಲಿ ಇರಲೇಬೇಕಿತ್ತು. ಐದು ತಿಂಗಳು ಹೆಚ್ಚಲ್ಲ.

ಪುಣೆ ಕನ್ನಡಿಗ

ಮೇಷ್ಟ್ರೇ, ಗೌರವದಿಂದಲೇ ಒಂದು ಮಾತು. ನಾನು ಡಿಸೈನ್ ಓದಿದವನು. ಹಿಂದೆ ಎಂಟನೇ ವಯಸ್ಸಿಗೆ ಅಪ್ಪನ ಪಕ್ಕ ಕೂತು ಬಣ್ಣ ಅರೆಯಲು ಶುರು ಮಾಡಿದ ಹುಡುಗನಿಗೆ ಹತ್ತು ವರ್ಷ ಕೈಯಲ್ಲಿತ್ತು. 43ನೇ ವಯಸ್ಸಿನಲ್ಲಿ ವಾರಕ್ಕೆ ಎರಡು ದಿನ ಬರುವವರಿಗೂ ಅದೇ ಕ್ರಮ ಇಟ್ಟರೆ ಜನ ಬಿಟ್ಟುಹೋಗದೆ ಇನ್ನೇನು? ಗೆರೆಯ ಜೊತೆ ಸಣ್ಣದೊಂದು ಪಟ ನಡೆಯುತ್ತಿದ್ದರೆ ಗೆರೆ ಯಾಕೆ ಬೇಕು ಅನ್ನುವುದು ಕಲಿಯುವವರಿಗೇ ಗೊತ್ತಾಗುತ್ತದೆ. ತಪ್ಪು ಮಾಡಿ ಕಲಿಯಲು ಬಿಡಬೇಕು. ಇದು ಕಲೆಗೆ ಅವಮಾನ ಅಂತ ನನಗೆ ಅನ್ನಿಸುವುದಿಲ್ಲ.

ಬೋರ್ಡ್ ಪೇಂಟರ್ ಮಗ (ಕಲಬುರಗಿ)

ಅಕ್ಕಾರ, ನಾ ಚಿತ್ರಗಾರ ಅಲ್ಲ. ನಮ್ಮಪ್ಪ ನಲವತ್ತು ವರ್ಷ ಬೋರ್ಡ್ ಬರದಾರ. ಅಂಗಡಿ ಬೋರ್ಡ್, ಲಾರಿ ಹಿಂದಿನ ಅಕ್ಷರ, ಜಾತ್ರಿ ನಾಟಕದ ಪರದೆ, ಇಲೆಕ್ಷನ್ ಬಂದ್ರ ಗ್ವಾಡಿ. ಫ್ಲೆಕ್ಸ್ ಬಂದ ಮ್ಯಾಲ ಕೆಲಸ ನಿಂತ್ವು. ನಿಮ್ಮ ಪ್ರಶ್ನಿ ಓದಿ ಅಪ್ಪನ ಮುಂದ ಹೇಳಿದೆ. ಅವರು ನಕ್ಕು, "ನನ್ನ ಉಸ್ತಾದ ಒಂದು ವರ್ಷ ಬ್ರಷ್ ತೊಳಿಸಿದ್ದ" ಅಂದ್ರು.

ತೊಳಿಯೂದು ಅಂದ್ರ ಬರೀ ತೊಳಿಯೂದಲ್ಲ ಅಂತ. ಯಾವ ಬ್ರಷ್ ಎಷ್ಟು ಸವದೈತಿ, ಯಾವುದು ಅಕ್ಷರದ ಹೊಟ್ಟಿ ತುಂಬಲಿಕ್ಕ, ಯಾವುದು ಅಂಚು ತೀಡಲಿಕ್ಕ, ಸೀಮೆಎಣ್ಣಿ ಒಂದು ಹನಿ ಹೆಚ್ಚಾದ್ರ ಪೇಂಟ್ ಹೆಂಗ ಇಳೀತೈತಿ, ಇವೆಲ್ಲ ಕೈಗೆ ಗೊತ್ತಾಗೂದು ಅಲ್ಲೇ. ಆಮ್ಯಾಲ ಸುಣ್ಣದ ದಾರ. ಇಬ್ಬರು ಎರಡೂ ತುದಿ ಎಳದು ಹಿಡದು ನಡುವ ಚಿಮ್ಮಿದ್ರ ಗ್ವಾಡಿ ಮ್ಯಾಲ ನೆಟ್ಟನ ಗೆರಿ. ದೊಡ್ಡ ಮುಖ ಬರೀಬೇಕಾದ್ರ ಸಣ್ಣ ಫೋಟೋಕ್ಕ ಚೌಕ ಹಾಕಿ, ಗ್ವಾಡಿಗೂ ಅಷ್ಟೇ ಚೌಕ ಹಾಕಿ, ಒಂದೊಂದು ಚೌಕ ನೋಡ್ಕೋತ ಏರಿಸೂದು. ಎಡಗೈಯಾಗ ಒಂದು ಕೋಲು, ಅದರ ತುದಿಗೆ ಅರಿವಿ ಸುತ್ತಿದ್ದು, ಅದರ ಮ್ಯಾಲ ಬಲಗೈ ಆನಿಸಿದ್ರ ಕೈ ನಡಗೂದಿಲ್ಲ. "ಕ" ಬರದಂಗ "ಶ್ರೀ" ಬರೀಲಿಕ್ಕ ಬರೂದಿಲ್ಲ, ಶ್ರೀ ಒಳಗ ಉಸಿರು ಹಿಡೀಬೇಕು ಅಂತಾರ ಅಪ್ಪ.

ಅವರ ದೇವರು ಎಸ್. ಎಂ. ಪಂಡಿತ್. ನಮ್ಮ ಊರಾಗ 1916ರಾಗ ಹುಟ್ಟಿ, ಮುಂಬೈಗೆ ಹೋಗಿ ಸಿನಿಮಾ ಥಿಯೇಟರಿಗೆ ಶೋಕಾರ್ಡ್ (ಪ್ರಚಾರದ ಚಿತ್ರ) ಬರದವರು. ಕ್ಯಾಲೆಂಡರಿನ್ಯಾಗ ಅವರ ರಾಧಾಕೃಷ್ಣ ಮನಿ ಮನಿಗೆ ಬಂತು. ಸಿನಿಮಾ ಪೋಸ್ಟರ್ ಬರೀತಾನ ಅಂತ ಅವರನ್ನ ಕಮ್ಮಿ ಎಣಿಸಿದ ದೊಡ್ಡ ಮಂದಿ ಭಾಳ ಇದ್ರಂತ. ಆದ್ರ ಆ ದೇವರ ಮೈಯಾಗಿನ ಬೆಳಕು, ಸ್ನಾಯು, ರೇಷ್ಮಿ ಸೀರಿ ಮಡಿಕಿ ನೋಡ್ರಿ. ಅಷ್ಟು ಮನುಷ್ಯರ ಮೈ ನೋಡಿ ನೋಡಿ ಬರೀದ ಹಂಗ ಬರೂದಿಲ್ಲ. ಅಪ್ಪ ಅವರ ಕ್ಯಾಲೆಂಡರ್ ಹಾಳಿ ಕತ್ತರಿಸಿ ಟ್ರಂಕಿನ್ಯಾಗ ಇಟ್ಟಾರ, ಇವತ್ತಿಗೂ ಯಾರಿಗೂ ಮುಟ್ಟಗೊಡೂದಿಲ್ಲ.

ರಸಾಯನಶಾಸ್ತ್ರ ಟೀಚರ್ (ಶಿವಮೊಗ್ಗ)

ಗೆಸ್ಸೋ ಮಾತು ಬಂತು, ಅದಕ್ಕೇ ಈ ಎಚ್ಚರಿಕೆ. ಹಳೆಯ ಕ್ರಮದಲ್ಲಿ ಗೆಸ್ಸೋಗೆ ಸಫೇದ, ಗ್ಯಾಂಬೋಜ್ ಅನ್ನುವ ಹಳದಿ ಮರದಂಟು ಮತ್ತು ಗೋಂದು ಸೇರಿಸುತ್ತಿದ್ದರು. ಆ ಸಫೇದ ಸೀಸದ ಬಿಳುಪು. ಪುಡಿಯನ್ನು ಮನೆಯಲ್ಲಿ ಒಣದಾಗಿ ಅರೆದರೆ ಉಸಿರಿನಲ್ಲಿ ಸೀಸ ಸೇರುತ್ತದೆ, ಮೈಯಿಂದ ಸುಲಭಕ್ಕೆ ಹೊರಹೋಗುವುದಿಲ್ಲ, ಮಕ್ಕಳ ಮೆದುಳಿಗೆ ಹೆಚ್ಚು ಅಪಾಯ. ಕುಂಚದ ತುದಿಯನ್ನು ತುಟಿಗಿಟ್ಟು ಚೂಪು ಮಾಡುವ ಅಭ್ಯಾಸ ಯಾರಿಗಾದರೂ ಇದ್ದರೆ ಇವತ್ತೇ ಬಿಡಿ. ಹಳೆಯ ಹಳದಿ ಹರಿದಾಳದಲ್ಲಿ ಆರ್ಸೆನಿಕ್ ಇದೆ, ಕೆಂಪು ಇಂಗಳೀಕ ಪಾದರಸದ ಸಂಯುಕ್ತ. ಆ ಚಿತ್ರಗಾರರು ತಮ್ಮ ಆಯುಸ್ಸನ್ನೂ ಬಣ್ಣದ ಜೊತೆ ಅರೆದರು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಈಗ ಸತುವಿನ ಬಿಳುಪು ಅಥವಾ ಸೀಮೆಸುಣ್ಣದ ಪುಡಿ ಬಳಸಬಹುದು. ಸೀಸದ ಬಿಳುಪಿಗೆ ಇನ್ನೊಂದು ದೋಷವೂ ಇದೆ: ಗಾಳಿಯಲ್ಲಿ ಗಂಧಕದ ಅಂಶವಿದ್ದರೆ ಕಾಲಕ್ರಮೇಣ ಕಪ್ಪಾಗುತ್ತದೆ. ಹಳೆಯ ಪಟಗಳಲ್ಲಿ ಬಿಳಿ ಇರಬೇಕಾದ ಕಡೆ ಬೂದು ಕಲೆ ಕಂಡರೆ ಅದಕ್ಕೆ ದೀಪದ ಹೊಗೆಯೊಂದೇ ಕಾರಣವಲ್ಲದಿರಬಹುದು.

ಗ್ಯಾಂಬೋಜ್ ಬಗ್ಗೆ ಮಲೆನಾಡಿನವಳಾಗಿ ಒಂದು ಸಂತೋಷದ ಮಾತು. ಆ ಹಳದಿ ಹಾಲು ಸುರಿಸುವ ಮರ ನಮ್ಮ ಮುರುಗಲು, ಉಪ್ಪಾಗೆಯ ಕುಲದ್ದೇ. ತೊಗಟೆಗೆ ಗಾಯ ಮಾಡಿದರೆ ಹಳದಿ ಅಂಟು ಒಸರುತ್ತದೆ. ಆದರೆ ಅದು ಹೊಟ್ಟೆಗೆ ಹೋದರೆ ಜೋರು ಭೇದಿ, ಅದನ್ನು ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಗೆರೆ ಕಲಿಯುವವಳು (ಮೈಸೂರು)

ಟೀಚರ್, ತುಂಬ ಉಪಕಾರವಾಯಿತು. ಗುರುಗಳು ಸತುವಿನ ಬಿಳುಪನ್ನೇ ಬಳಸುತ್ತಾರೆ, ಕೇಳಿ ಖಚಿತ ಮಾಡಿಕೊಂಡೆ. ಕೇಳಿದ್ದಕ್ಕೆ ಅವರು ಖುಷಿಪಟ್ಟರು. ನನ್ನ ಸಂಕೋಚ ಅರ್ಧ ಕರಗಿತು.

ಮೇಷ್ಟ್ರೇ, ಕಲಾವಿದ ಕೆ. ವೆಂಕಟಪ್ಪನವರು ಕೂಡ ಚಿತ್ರಗಾರರ ಮನೆತನದವರು ಅಲ್ಲವೇ? ಅವರು ಹೇಗೆ ಕಲಿತರು?

ನಿವೃತ್ತ ಡ್ರಾಯಿಂಗ್ ಮೇಷ್ಟ್ರು (ಮಂಡ್ಯ)

ಕೆ. ವೆಂಕಟಪ್ಪನವರ ವಿಷಯ ಎತ್ತಿದಿರಿ, ಇನ್ನು ನನ್ನನ್ನು ತಡೆಯುವವರಿಲ್ಲ.

ಹೌದು, ಮೈಸೂರಿನ ಪರಂಪರಾಗತ ಚಿತ್ರಗಾರರ ಮನೆ. ಕೈ ಹುಟ್ಟಿನಿಂದಲೇ ಬಂದದ್ದು. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು 1909ರಲ್ಲಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಗೆ ಕಳಿಸಿಕೊಟ್ಟರು. ಅಲ್ಲಿ ಬಂಗಾಳದ ಚಿತ್ರಕಾರ ಅವನೀಂದ್ರನಾಥ ಠಾಕೂರರ ಶಿಷ್ಯರಾದರು, ನಂದಲಾಲ್ ಬೋಸರು ಅದೇ ಬಳಗದವರು. ಅವನೀಂದ್ರನಾಥರ ಕ್ರಮವೇ ಬೇರೆ. 1903ರಲ್ಲಿ ಕಲ್ಕತ್ತೆಗೆ ಬಂದ ಜಪಾನಿನ ಚಿತ್ರಕಾರರಿಂದ ಅವರು ವಾಶ್ ಕಲಿತಿದ್ದರು: ಬಣ್ಣ ಹಚ್ಚುವುದು, ಹಾಳೆಯನ್ನು ನೀರಿನಲ್ಲಿ ಅದ್ದುವುದು, ಒಣಗಿಸಿ ಮತ್ತೆ ಹಚ್ಚುವುದು. ಅಂಚುಗಳೆಲ್ಲ ಕರಗಿ ಚಿತ್ರ ಮಂಜಿನೊಳಗಿಂದ ಕಂಡಂತೆ ಆಗುತ್ತದೆ. ಗೆರೆಯನ್ನೇ ನಂಬಿದ ಮನೆಯಿಂದ ಬಂದ ಹುಡುಗನಿಗೆ ಗೆರೆ ಕರಗಿಸುವ ಪಾಠ! ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿಯವರ ಪುರಾಣಕಥೆಗಳ ಪುಸ್ತಕ 1913ರಲ್ಲಿ ಬಂತಲ್ಲ, ಅದರ ರಾಮಾಯಣದ ಚಿತ್ರಗಳಲ್ಲಿ ಹಲವು ವೆಂಕಟಪ್ಪನವರವು. ಆಗಿನ್ನೂ ಇಪ್ಪತ್ತೈದರ ಆಚೀಚೆ ವಯಸ್ಸು.

ಮೈಸೂರಿಗೆ ಹಿಂತಿರುಗಿದ ಮೇಲೆ ಅವರು ಮಾಡಿದ್ದೇ ನನಗೆ ದೊಡ್ಡದಾಗಿ ಕಾಣುವುದು. ಊಟಿ, ಕೊಡೈಕನಾಲ್‌ಗಳಲ್ಲಿ ಕೂತು ಬರೆದ ನಿಸರ್ಗದ ಜಲವರ್ಣಗಳಲ್ಲಿ ಕಲ್ಕತ್ತೆಯ ಮಬ್ಬು ಇಲ್ಲ. ಮಂಜು ಇದೆ, ಆದರೆ ಅದು ನೀಲಗಿರಿಯ ಮಂಜು, ಬೆಳಿಗ್ಗೆ ಒಂದು ಹೊತ್ತಿನಲ್ಲಿ ಒಂದು ಗುಡ್ಡದ ಮೇಲೆ ಕಂಡದ್ದು. ಒಂದೊಂದು ಮರವೂ ಬೇರೆ ಬೇರೆ. ಗುರು ಕೊಟ್ಟದ್ದನ್ನು ಇಟ್ಟುಕೊಂಡು, ಬೇಡದ್ದನ್ನು ಗಲಾಟೆಯಿಲ್ಲದೆ ಕೆಳಗಿಟ್ಟರು. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಹಿಡಿದರೆ ಅದರಲ್ಲೇ ಮುಳುಗುವ ಸ್ವಭಾವ. ಮದುವೆಯಾಗಲಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಉಬ್ಬುಶಿಲ್ಪ ಮಾಡಿದರು. 1965ರಲ್ಲಿ ತೀರಿಕೊಂಡರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆ ಅವರ ಹೆಸರಿನದೇ. ಕಬ್ಬನ್ ಪಾರ್ಕಿಗೆ ಹೋದವರು ಪಕ್ಕದಲ್ಲೇ ಇರುವ ಅದನ್ನು ನೋಡದೆ ಬರುತ್ತಾರೆ ಅನ್ನುವುದು ನನಗೆ ನಿಜವಾದ ಸಂಕಟ.

ಪುಣೆಯವರು ಕೇಳಿದ್ದಕ್ಕೂ ಉತ್ತರ ಹೇಳಬೇಕು. ನನ್ನ ವಿದ್ಯಾರ್ಥಿ ದಿನಗಳಲ್ಲಿ ಒಬ್ಬ ಗುರುಗಳ ಬಳಿ ಇದ್ದೆ, ಹೆಸರು ಬೇಡ. ಗೆರೆ ಚೆನ್ನಾಗಿ ಕಲಿಸಿದರು. ಗೆಸ್ಸೋ ಹದ ಮಾಡುವ ಹೊತ್ತಿಗೆ ಮಾತ್ರ "ಹೋಗಿ ನೀರು ತಾ" ಅಂತ ನನ್ನನ್ನು ಹೊರಗೆ ಕಳಿಸುತ್ತಿದ್ದರು. ಮೂರು ವರ್ಷ ನೀರು ತಂದೆ. ಅವರು ಹೋದಾಗ ಆ ಹದವೂ ಅವರ ಜೊತೆ ಹೋಯಿತು. ಆಮೇಲೆ ನಾನೇ ಕೆಡಿಸಿ ಕೆಡಿಸಿ ಕಂಡುಕೊಂಡೆ. ಹೀಗಾಗಿ, ಶಿಷ್ಯರನ್ನು ಕಾಯುವಂತೆ ಮಾಡುವುದು ಬೇರೆ, ವಿದ್ಯೆಯನ್ನು ಮುಚ್ಚಿಡುವುದು ಬೇರೆ. ಮುಚ್ಚಿಟ್ಟದ್ದನ್ನು ಪರಂಪರೆ ಅಂತ ನಾನು ಯಾರೆದುರೂ ಸಮರ್ಥಿಸುವುದಿಲ್ಲ.

ಪುಣೆ ಕನ್ನಡಿಗ

ಮೇಷ್ಟ್ರೇ, ಈ ಕೊನೆಯ ಮಾತಿಗೆ ನನ್ನ ನಮಸ್ಕಾರ. ನಾನು ಹೇಳಬೇಕೆಂದಿದ್ದದ್ದೂ ಇದೇ ಇರಬೇಕು, ಸರಿಯಾಗಿ ಹೇಳಲು ಬರಲಿಲ್ಲ.

ಕರಾವಳಿ ಕುಂಚ (ಉಡುಪಿ)

ನಮ್ಮ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರನ್ನು ಇಲ್ಲಿ ಯಾರೂ ನೆನಪು ಮಾಡಲಿಲ್ಲವಲ್ಲ ಮಾರಾಯ್ರೆ. ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಕಲಿಸಿ, ಮತ್ತೆ ಪ್ಯಾರಿಸ್‌ಗೆ ಹೋಗಿ ಪುನಃ ವಿದ್ಯಾರ್ಥಿಯಾಗಿ ಕೂತವರು. ಆಗ ಅವರಿಗೆ ಮೂವತ್ತೆಂಟರ ಹತ್ತಿರ ಪ್ರಾಯ. ಅದಲ್ಲದೆ ಚಿತ್ರದಲ್ಲಿ ಲಯ ಬರಬೇಕು ಅಂತ ಕಥಕ್ ಕಲಿತರು. ಅವರ ಗೆರೆಚಿತ್ರಗಳಲ್ಲಿ ನರ್ತಕಿ ಎರಡೇ ಎಳೆಯಲ್ಲಿ ತಿರುಗಿಬಿಡುತ್ತಾಳೆ, ಪೆನ್ನು ಎಲ್ಲಿ ಎತ್ತಿದರು ಅಂತ ಹುಡುಕಬೇಕು. ಆ ಗೆರೆಗೆ ಬಣ್ಣ ಬೇಕಾಗುವುದೇ ಇಲ್ಲ. ಅಕ್ಕ, 43 ಏನೂ ತಡ ಅಲ್ಲ.

ಇನ್ನು ಗೆರೆಯೇ ಎಲ್ಲ ಅಂತಲೂ ಹೇಳಬೇಡಿ. ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿ. ಅದು ರವಿವರ್ಮರದ್ದು ಅಂತ ಅರ್ಧ ಕರ್ನಾಟಕ ನಂಬಿದೆ, ಅಲ್ಲ! ಸಾವಂತವಾಡಿಯ ಎಸ್. ಎಲ್. ಹಳದಂಕರ್ 1945–46ರಲ್ಲಿ ಬರೆದದ್ದು. ದೀಪ ಹಿಡಿದು ನಿಂತದ್ದು ಅವರ ಮಗಳು ಗೀತಾ. ಅದು ಎಣ್ಣೆಬಣ್ಣವೂ ಅಲ್ಲ, ಜಲವರ್ಣ. ಜಲವರ್ಣದಲ್ಲಿ ಕಪ್ಪಿನ ಮೇಲೆ ಬೆಳಕನ್ನು ಆಮೇಲೆ ಹಚ್ಚಲಿಕ್ಕೆ ಆಗುವುದಿಲ್ಲ. ಬೆಳಕು ಎಲ್ಲೆಲ್ಲಿ ಬೇಕೋ ಅಲ್ಲಿ ಹಾಳೆಯನ್ನು ಮೊದಲೇ ಉಳಿಸಿಕೊಂಡು ಬರಬೇಕು. ಬೆರಳ ಸಂದಿಯ ಆ ಕೆಂಪು ನೋಡುವಾಗ ನನಗೆ ಪ್ರತಿ ಸಲವೂ ಮೈ ಜುಂ ಅನ್ನುತ್ತದೆ.

ಗೆರೆ ಕಲಿಯುವವಳು (ಮೈಸೂರು)

ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಮೊನ್ನೆ ಶ್ರೀರಂಗಪಟ್ಟಣದಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ಗೆ ಹೋಗಿದ್ದೆ. ಶಾಲೆಯಲ್ಲಿದ್ದಾಗ ನೋಡಿದ್ದು, ಆಗ ಆನೆ, ಕುದುರೆ ಎಣಿಸಿ ಬಂದಿದ್ದೆ. ಈ ಸಲ ಪಶ್ಚಿಮದ ಗೋಡೆಯ ಪೊಳ್ಳಿಲೂರು ಯುದ್ಧದ ಮುಂದೆ ಒಂದು ಗಂಟೆ ನಿಂತೆ. 1780ರಲ್ಲಿ ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ ಯುದ್ಧ, ಗೋಡೆ ತುಂಬ ಸೈನ್ಯ. ಸಾಲಾಗಿ ನಿಂತ ಕುದುರೆಗಳ ಬೆನ್ನು ಕತ್ತು ಸೇರುವಲ್ಲಿ ನನ್ನ ಮೊದಲ ತಿಂಗಳ ಅರ್ಧಚಂದ್ರ ಕಂಡಿತು. ಅದೇ ಗೆರೆ, ಸಾಲುದ್ದಕ್ಕೂ ಮತ್ತೆ ಮತ್ತೆ. ಮಧ್ಯೆ ಎಷ್ಟೋ ಸಲ ಆ ಗೋಡೆ ಹಾಳಾಗಿ, ತಿದ್ದಿ ಬರೆಸಿಕೊಂಡಿದೆ ಅಂತ ಓದಿದ್ದೇನೆ. ಈಗ ಕಾಣುವುದು ಯಾರ ಕೈಯ ಗೆರೆಯೋ. ಆದರೂ ತಿದ್ದಿದವನಿಗೂ ಅದೇ ಗೆರೆ ಬರಬೇಕಿತ್ತಲ್ಲ.

ಮಾರನೆಯ ದಿನ ಇದನ್ನು ಗುರುಗಳಿಗೆ ಹೇಳಿದೆ. ಅವರು ಏನೂ ಹೇಳದೆ ಎದ್ದು ಹೋಗಿ ಅಂಗೈಯಗಲದ ಹಲಗೆಯೊಂದನ್ನು ತಂದುಕೊಟ್ಟರು. ಒಂದು ಕಮಲ, ಸುತ್ತ ಅಂಚಿಗೆ ಮಾತ್ರ ಗೆಸ್ಸೋ. ಹದ ಮಾಡುವುದನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತೋರಿಸಿದರು. ಮೇಷ್ಟ್ರೇ, ನಿಮ್ಮನ್ನು ನೆನೆದೆ.

ಈಗ ತೊಂದರೆ. ಒಣಗಿದ ಮೇಲೆ ಅಂಚಿನ ಗೆಸ್ಸೋ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಗುರುಗಳು ಊರಲ್ಲಿಲ್ಲ, ಶುಕ್ರವಾರ ಬರುತ್ತಾರೆ. ಕೆರೆದು ತೆಗೆಯಲೇ, ಮೇಲೆ ಇನ್ನೊಂದು ಪದರ ಹಾಕಲೇ?

ನಿವೃತ್ತ ಡ್ರಾಯಿಂಗ್ ಮೇಷ್ಟ್ರು (ಮಂಡ್ಯ)

ಎರಡೂ ಬೇಡ, ಶುಕ್ರವಾರದವರೆಗೆ ಹಾಗೇ ಇಡಿ, ಅವರು ನೋಡಲಿ. ಕಾರಣ ಮಾತ್ರ ಹೇಳುತ್ತೇನೆ. ಒಂದೇ ಸಲಕ್ಕೆ ದಪ್ಪ ಹಾಕಿರುತ್ತೀರಿ, ಇಲ್ಲವೇ ಫ್ಯಾನಿನ ಕೆಳಗೆ ಒಣಗಿಸಿರುತ್ತೀರಿ. ಮೇಲೆ ಒಣಗಿ ಒಳಗೆ ಹಸಿ ಇದ್ದರೆ ಬಿರಿಯುತ್ತದೆ. ತಂಜಾವೂರಿನಂತೆ ದಪ್ಪಗೆ ಉಬ್ಬಿಸುವುದು ನಮ್ಮ ಕ್ರಮವಲ್ಲ. ಮೈಸೂರಿನದು ತಗ್ಗು ಉಬ್ಬು, ಬೆರಳಾಡಿಸಿದರೆ ಗೊತ್ತಾಗುವಷ್ಟು. ಕುಂಚದಲ್ಲಿ ತೆಳ್ಳಗೆ ಒಂದು ಎಳೆ, ನೆರಳಲ್ಲಿ ಒಣಗಿದ ಮೇಲೆ ಅದರ ಮೇಲೇ ಇನ್ನೊಂದು ಎಳೆ. ಎರಡನೆಯ ಎಳೆ ಮೊದಲನೆಯದರ ಮೇಲೆ ಪಕ್ಕಕ್ಕೆ ಸರಿಯದೆ ಕೂರಬೇಕು. ಐದು ತಿಂಗಳ ಗೆರೆ ಬೇಕಾದದ್ದು ಇಲ್ಲಿಗೆ. ರೇಕು ಕೂರಿಸುವ ದಿನವೂ ಫ್ಯಾನು ಆರಿಸಿ, ಕಿಟಕಿ ಮುಚ್ಚಿ. ಅಂಟು ಅರ್ಧ ಆರಿ ಬೆರಳಿಗೆ ಜಿಗುಟು ಅನ್ನಿಸಿದಾಗಲೇ ಇಡಬೇಕು.

ಗೆರೆ ಕಲಿಯುವವಳು (ಮೈಸೂರು)

ಫ್ಯಾನಿನ ಕೆಳಗೇ ಇಟ್ಟಿದ್ದೆ ಮೇಷ್ಟ್ರೇ. ಮುಟ್ಟುವುದಿಲ್ಲ, ಶುಕ್ರವಾರದವರೆಗೆ ಕಾಯುತ್ತೇನೆ.

ಇನ್ನೊಂದು ವಿಷಯ. ಮುಂದಿನ ಭಾನುವಾರ ಮೈಸೂರು ಅರಮನೆಯ ಕಲ್ಯಾಣಮಂಟಪದ ಗೋಡೆಯ ದಸರಾ ಮೆರವಣಿಗೆ ಚಿತ್ರಗಳನ್ನು ನೋಡಲು ಹೋಗುತ್ತಿದ್ದೇನೆ. 26 ಫಲಕಗಳು, ಮೆರವಣಿಗೆಯ ಫೋಟೋಗಳನ್ನು ನೋಡಿ ಮೈಸೂರಿನ ಕಲಾವಿದರೇ ಬರೆದದ್ದು. ಬರುವವರಿದ್ದರೆ ಬೆಳಿಗ್ಗೆ 10ಕ್ಕೆ ಟಿಕೆಟ್ ಕೌಂಟರ್ ಹತ್ತಿರ ಸೇರೋಣ.

ಬೋರ್ಡ್ ಪೇಂಟರ್ ಮಗ (ಕಲಬುರಗಿ)

ಅಕ್ಕಾರ, ಇದನ್ನ ಅಪ್ಪಗ ಓದಿ ಹೇಳಿದೆ. "ಫೋಟೋ ನೋಡಿ ಅಷ್ಟು ದೊಡ್ಡದು ಬರದಾರಂದ್ರ ಚೌಕ ಹಾಕಿರಬೇಕು, ಎಲ್ಲೆರೆ ಗೆರಿ ಉಳದಿರ್ತಾವ, ನಾ ನೋಡ್ಬೇಕು" ಅಂತ ಕುಂತಾರ. ಕಣ್ಣಿನ ಪೊರಿ ಆಪರೇಷನ್ ಆಗಿ ಎರಡು ತಿಂಗಳಾತು, ಈಗ ಚೆಂದ ಕಾಣತೈತಿ. ಶನಿವಾರ ರಾತ್ರಿ ರೈಲಿಗೆ ಟಿಕೆಟ್ ನೋಡ್ತೀನಿ, ಭಾನುವಾರ ಮುಟ್ಟೂದು ಸ್ವಲ್ಪ ತಡ ಆದ್ರ ಹತ್ತು ನಿಮಿಷ ಕಾಯ್ರಿ.